ಜಾಹೀರಾತಿನ ಬೆನ್ನೇರಿ ಬರುವ ಕುತಂತ್ರಾಂಶ



ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ರಾಯಬಾಗ ತಾಲ್ಲೂಕಿನ ಅಲಖನೂರಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಮನೆಯಲ್ಲಿರುವುದು ಒಂದೇ ಮೊಬೈಲ್, ಅದೂ ಅಪ್ಪನದು. ಕಬ್ಬಿನ ಬಿಲ್ಲು ಜಮಾ ಆದ ಸಂದೇಶ ಬರುವುದು ಅದಕ್ಕೇ, ಹಣ ಕಳಿಸುವ ಆ್ಯಪ್ ಇರುವುದೂ ಅದರಲ್ಲೇ. ಮಗಳು ಅದನ್ನು ಈಸಿಕೊಂಡು ಫಲಿತಾಂಶ ಹುಡುಕುತ್ತ ಹೆಸರಾಂತ ಪತ್ರಿಕೆಯೊಂದರ ಪುಟ ತೆರೆಯುತ್ತಾಳೆ. ತಟ್ಟನೆ ಪರದೆಯ ತುಂಬ ಕೆಂಪು ಫಲಕ: ‘ನಿಮ್ಮ ಮೊಬೈಲಿನಲ್ಲಿ 4 ವೈರಸ್ ಇವೆ. ಈಗಲೇ ಇಲ್ಲಿ ಒತ್ತಿ ಸ್ವಚ್ಛಗೊಳಿಸಿ.’

ಇಂಥ ಪತ್ರಿಕೆಯ ಪುಟದಲ್ಲಿ ಬಂದದ್ದು ಸುಳ್ಳಾಗಿರಲು ಸಾಧ್ಯವೇ ಎಂದು ಅವಳಿಗೆ ಅನಿಸುವುದು ಸಹಜ. ಆದರೆ ಆ ಫಲಕವನ್ನು ಪತ್ರಿಕೆಯವರು ಹಾಕಿದ್ದಲ್ಲ. ಅದು ಬರುವವರೆಗೆ ಪತ್ರಿಕೆಯವರು ಅದನ್ನು ನೋಡಿಯೂ ಇರುವುದಿಲ್ಲ.

ಇದು ಹೇಗೆ ಎಂಬುದನ್ನು ತಿಳಿಯಲು ಚಿಂಚಲಿಯ ಮಾಯಕ್ಕನ ಜಾತ್ರೆಯಂಥ ದೊಡ್ಡ ಜಾತ್ರೆಯೊಂದನ್ನು ನೆನೆಯಿರಿ. ಜಾಗದ ಮಾಲೀಕ ತನ್ನ ಬಯಲನ್ನು ಒಬ್ಬ ಗುತ್ತಿಗೆದಾರನಿಗೆ ಕೊಟ್ಟ, ಅವನು ಇನ್ನೊಬ್ಬನಿಗೆ, ಇನ್ನೊಬ್ಬ ಅಂಗಡಿಕಾರರಿಗೆ ಕೊಟ್ಟ ಎಂದಿಟ್ಟುಕೊಳ್ಳಿ. ಕೊನೆಗೆ ಯಾವ ಅಂಗಡಿಯಲ್ಲಿ ಯಾರು ಏನು ಮಾರುತ್ತಿದ್ದಾರೆಂಬುದು ಮಾಲೀಕನಿಗೆ ಗೊತ್ತಿರುವುದಿಲ್ಲ. ಅಂತರಜಾಲದ ಜಾಹೀರಾತಿನ ಸ್ಥಿತಿಯೂ ಹೆಚ್ಚುಕಡಿಮೆ ಹೀಗೆಯೇ. ಪುಟದಲ್ಲಿ ಜಾಹೀರಾತಿಗೆಂದು ಖಾಲಿ ಬಿಟ್ಟ ಜಾಗ, ನೀವು ಪುಟ ತೆರೆದ ಕ್ಷಣದಲ್ಲಿ, ಹರಾಜಿಗೆ ಹೋಗುತ್ತದೆ. ಗಣಕಯಂತ್ರಗಳೇ ಬೆಲೆ ಕೂಗುತ್ತವೆ, ಗಣಕಯಂತ್ರಗಳೇ ಹರಾಜು ಮುಗಿಸುತ್ತವೆ. ಇಷ್ಟಕ್ಕೆ ಬೇಕಾಗುವ ಸಮಯ ಸೆಕೆಂಡಿನ ಒಂದು ಚಿಕ್ಕ ಭಾಗ ಮಾತ್ರ. ಗೆದ್ದವನ ಜಾಹೀರಾತು ಅವನ ಕಡೆಯ ಗಣಕದಿಂದ ನೇರವಾಗಿ ನಿಮ್ಮ ಪರದೆಗೆ ಬರುತ್ತದೆ. ಗೆದ್ದವನು ವಂಚಕನಾಗಿದ್ದರೆ?

ನಡುವಿನ ಕಂಪನಿಗಳು ಜಾಹೀರಾತುಗಳನ್ನು ಪರೀಕ್ಷಿಸುತ್ತವೆ ಎಂಬುದು ನಿಜ. ಆದರೆ ವಂಚಕರು ಪರೀಕ್ಷಕರಿಗೆ ಒಂದು ಮುಖ, ನಮಗೆ ಇನ್ನೊಂದು ಮುಖ ತೋರಿಸಬಲ್ಲರು. 2009ರ ಸೆಪ್ಟೆಂಬರಿನಲ್ಲಿ ಅಮೆರಿಕದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ತಾಣದಲ್ಲಿ ನಡೆದದ್ದು ಇದೇ. ಹೆಸರಾಂತ ದೂರವಾಣಿ ಕಂಪನಿಯೊಂದರ ಸೋಗಿನಲ್ಲಿ ವಂಚಕರು ಜಾಗ ಕೊಂಡರು. ಮೊದಲು ಸಾಚಾ ಜಾಹೀರಾತನ್ನೇ ಬಿಟ್ಟರು. ವಾರಾಂತ್ಯ ಬಂದೊಡನೆ ಅದನ್ನು ತೆಗೆದು, ವೈರಸ್ ಇದೆಯೆಂದು ಹೆದರಿಸಿ ನಕಲಿ ತಂತ್ರಾಂಶ ಮಾರುವ ಫಲಕ ಇಟ್ಟರು. 2016ರ ಮಾರ್ಚಿನಲ್ಲಿ ಅದೇ ಪತ್ರಿಕೆಯ ಜೊತೆಗೆ ಬಿಬಿಸಿಯ ತಾಣವೂ ಇಂಥ ಜಾಲಕ್ಕೆ ಸಿಕ್ಕಿತು. ಆ ಬಾರಿಯ ಉಪಾಯ ಇನ್ನೂ ಸೂಕ್ಷ್ಮ. ನವೀಕರಿಸದೆ ಬಿಟ್ಟಿದ್ದ ಒಂದು ಜಾಹೀರಾತು ಸಂಸ್ಥೆಯ ಅಂತರಜಾಲ ವಿಳಾಸವನ್ನೇ ವಂಚಕರು ಕೊಂಡು, ಅದರ ಒಳ್ಳೆಯ ಹೆಸರನ್ನು ಬಳಸಿಕೊಂಡಿದ್ದರು.

ಆ ದಿನಗಳಲ್ಲಿ ಏನನ್ನೂ ಒತ್ತದಿದ್ದರೂ, ಪುಟ ತೆರೆದಷ್ಟಕ್ಕೇ ಕುತಂತ್ರಾಂಶ ಒಳನುಗ್ಗುವ ಭಯ ಹೆಚ್ಚಾಗಿತ್ತು. ಅದು ನುಗ್ಗುತ್ತಿದ್ದುದು ಬ್ರೌಸರಿನಲ್ಲೂ, ಅದಕ್ಕೆ ಜೋಡಿಸಿದ್ದ ಫ್ಲ್ಯಾಶ್‌ನಂಥ ತಂತ್ರಾಂಶಗಳಲ್ಲೂ ಇದ್ದ ಬಿರುಕುಗಳಿಂದ. ಫ್ಲ್ಯಾಶ್ 2020ರ ಡಿಸೆಂಬರ್ 31ಕ್ಕೆ ಕೊನೆಗೊಂಡಿತು, ಬ್ರೌಸರುಗಳೂ ಗಟ್ಟಿಯಾದವು. ಬಿರುಕುಗಳು ಪೂರ್ತಿ ಮುಚ್ಚಿಲ್ಲವಾದ್ದರಿಂದ ಮೊಬೈಲ್ ‘ಅಪ್‌ಡೇಟ್’ ಕೇಳಿದಾಗ ಮುಂದೂಡಬಾರದು. ಆದರೆ ಈಗ ವಂಚಕರು ಹೆಚ್ಚಾಗಿ ಹುಡುಕುವುದು ಯಂತ್ರದ ಬಿರುಕನ್ನಲ್ಲ, ನಮ್ಮ ಅವಸರವನ್ನು.

ಮೇಲೆ ಹೇಳಿದ ಕೆಂಪು ಫಲಕವನ್ನೇ ನೋಡಿ. ಬ್ರೌಸರಿನಲ್ಲಿ ತೆರೆದ ಒಂದು ಪುಟಕ್ಕೆ ನಿಮ್ಮ ಮೊಬೈಲಿನ ಒಳಗೆ ಹೊಕ್ಕು ವೈರಸ್ ಎಣಿಸುವ ಅಧಿಕಾರವೇ ಇಲ್ಲ. ನಾಲ್ಕು ಎಂಬ ಲೆಕ್ಕ ಬರೆದಿಟ್ಟ ಚಿತ್ರ. ಅದನ್ನು ಒತ್ತಿದರೆ ‘ಎಪಿಕೆ’ ಎಂದು ಕೊನೆಗೊಳ್ಳುವ ಕಡತವೊಂದು ಇಳಿಯುತ್ತದೆ. ಇದು ಆ್ಯಂಡ್ರಾಯ್ಡ್ ಮೊಬೈಲಿಗೆ ಆ್ಯಪ್ ಅಳವಡಿಸುವ ಕಡತ. ಇಳಿದ ಮಾತ್ರಕ್ಕೆ ಅದು ಕೆಲಸ ಮಾಡದು. ಅಪರಿಚಿತ ಮೂಲದ ಆ್ಯಪ್ ಅಳವಡಿಸಲು ಅನುಮತಿ ಕೊಡುವಿರಾ ಎಂದು ಮೊಬೈಲ್ ತಡೆದು ಕೇಳುತ್ತದೆ. ಈ ಬಾಗಿಲನ್ನು ಹೊರಗಿನಿಂದ ತೆರೆಯುವುದು ಕಷ್ಟವಾದ್ದರಿಂದಲೇ, ಒಳಗಿರುವ ನಮ್ಮ ಕೈಯಿಂದ ತೆರೆಸಲು ಇಷ್ಟೆಲ್ಲ ನಾಟಕ.

ತೆರೆದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆಯಿದೆ. 2024ರಲ್ಲಿ ಬೆಂಗಳೂರಿನ ಕ್ಲೌಡ್‌ಸೆಕ್ ಎಂಬ ಸೈಬರ್ ಸುರಕ್ಷತಾ ಸಂಸ್ಥೆ ಒಂದು ನಕಲಿ ಚಲನ್ ವಂಚನೆಯನ್ನು ಬಯಲಿಗೆಳೆಯಿತು. ಸಿಕ್ಕಿಬಿದ್ದವರಲ್ಲಿ ಕರ್ನಾಟಕದವರೂ ಇದ್ದರು. ಅದು ಬಂದದ್ದು ಜಾಹೀರಾತಿನಿಂದಲ್ಲ, ವಾಟ್ಸ್‌ಆ್ಯಪ್ ಸಂದೇಶದಿಂದ. ಆದರೆ ಒಳಬಂದ ಮೇಲಿನ ಕಥೆ ಒಂದೇ. ಸಂಚಾರ ದಂಡ ಕಟ್ಟುವ ಆ್ಯಪ್ ಎಂದು ಅಳವಡಿಸಿದ ಕಡತ, ಸಂದೇಶ ಓದುವ ಅನುಮತಿ ಬೇಡುತ್ತಿತ್ತು. ಕೊಟ್ಟರೆ ಬ್ಯಾಂಕಿನಿಂದ ಬರುವ ಓಟಿಪಿ ಮಾಲೀಕನಿಗಿಂತ ಮೊದಲು ಕಳ್ಳನ ಕೈಸೇರುತ್ತಿತ್ತು.

ಹುಡುಕಾಟದ ಪುಟದಲ್ಲೂ ಎಚ್ಚರ ಬೇಕು. ಪಟ್ಟಿಯ ತಲೆಯ ಮೇಲಿರುವುದೇ ನಿಜವಾದ ತಾಣ ಎಂಬ ನಂಬಿಕೆ ತಪ್ಪು. ‘ಪ್ರಾಯೋಜಿತ’ ಅಥವಾ ‘ಸ್ಪಾನ್ಸರ್ಡ್’ ಎಂದು ಬರೆದಿದ್ದರೆ ಅದು ಕಾಸು ಕೊಟ್ಟು ಕೊಂಡ ಜಾಗ. ಹೀಗೆ ಹೆಸರಾಂತ ಸಂಸ್ಥೆಗಳ ಸೋಗು ಹಾಕುವ ಜಾಹೀರಾತುಗಳ ಬಗ್ಗೆ ಅಮೆರಿಕದ ಎಫ್‌ಬಿಐ 2022ರ ಡಿಸೆಂಬರಿನಲ್ಲಿ ಸಾರ್ವಜನಿಕರನ್ನು ಎಚ್ಚರಿಸಿ, ಜಾಹೀರಾತು ತಡೆಯುವ ತಂತ್ರಾಂಶ ಬಳಸುವಂತೆಯೂ ಸಲಹೆ ಮಾಡಿತು. ತನಿಖಾ ಸಂಸ್ಥೆಯೊಂದು ಇಂಥ ಸಲಹೆ ಕೊಟ್ಟಿತೆಂದರೆ ಪರಿಸ್ಥಿತಿಯನ್ನು ಊಹಿಸಬಹುದು. ಫಲಿತಾಂಶ, ವಿದ್ಯಾರ್ಥಿವೇತನ ಮುಂತಾದವುಗಳಿಗೆ ಶಾಲೆಯಲ್ಲಿ ತಿಳಿಸಿದ ವಿಳಾಸವನ್ನೇ ಅಕ್ಷರ ಬಿಡದೆ ಬೆರಳಚ್ಚಿಸುವುದು ಕ್ಷೇಮ. ಸರ್ಕಾರಿ ತಾಣಗಳ ವಿಳಾಸ ಸಾಮಾನ್ಯವಾಗಿ ‘ಜಿಒವಿ ಡಾಟ್ ಇನ್’ ಇಲ್ಲವೇ ‘ಎನ್‌ಐಸಿ ಡಾಟ್ ಇನ್’ ಎಂದು ಮುಗಿಯುತ್ತದೆ. ಪ್ರಕಟಣೆಗಳನ್ನು ಕಳಿಸಲು ಅನುಮತಿ ಕೊಡಿ ಎಂದು ಅಪರಿಚಿತ ತಾಣ ಕೇಳಿದರೆ ನಿರಾಕರಿಸಿ. ಹೆದರಿಸುವ ಫಲಕ ಬಂದಾಗ ಅದರ ಮೂಲೆಯ ಗುಣಾಕಾರದ ಗುರುತನ್ನೂ ಒತ್ತಬೇಡಿ, ಅದೂ ಚಿತ್ರದ ಭಾಗವೇ ಆಗಿರಬಹುದು. ಬ್ರೌಸರಿನ ಆ ಪುಟವನ್ನೇ ಮುಚ್ಚಿಬಿಡಿ.

ಇಷ್ಟಾಗಿಯೂ ಒತ್ತಿ, ಅಳವಡಿಸಿಯೂ ಆಗಿದ್ದರೆ? ಬಹಳ ಮನೆಗಳಲ್ಲಿ ದೊಡ್ಡ ನಷ್ಟವಾಗುವುದು ಇಲ್ಲಿಯೇ. ಅಪ್ಪ ಬೈದಾರೆಂದು ಮಕ್ಕಳು ಸಂಜೆಯವರೆಗೆ ಬಾಯಿ ಬಿಡುವುದಿಲ್ಲ, ಕಳ್ಳನಿಗೆ ಬೇಕಾದದ್ದೂ ಅಷ್ಟೇ ಸಮಯ. ಮೊದಲು ಮೊಬೈಲಿನ ಡೇಟಾ ಮತ್ತು ವೈಫೈ ಆರಿಸಿ. ಹಿರಿಯರಿಗೆ ಹೇಳಿ. ಇನ್ನೊಂದು ಮೊಬೈಲಿನಿಂದ ಬ್ಯಾಂಕಿಗೆ ಕರೆ ಮಾಡಿ ಖಾತೆಯ ವ್ಯವಹಾರ ತಡೆಸಿ. ಬ್ಯಾಂಕಿನ ಸಂಖ್ಯೆಯನ್ನು ಪಾಸ್‌ಬುಕ್‌ನಿಂದ ತೆಗೆದುಕೊಳ್ಳಿ, ಅಂತರಜಾಲದಲ್ಲಿ ಹುಡುಕಬೇಡಿ. ಹಣ ಹೋಗಿದ್ದರೆ 1930 ಸಂಖ್ಯೆಗೆ ಕೂಡಲೇ ಕರೆ ಮಾಡಿ. ಇದು ರಾಷ್ಟ್ರೀಯ ಸೈಬರ್ ವಂಚನೆ ಸಹಾಯವಾಣಿ. ಹಣ ಮುಂದಿನ ಖಾತೆಗಳಿಗೆ ಹರಿದುಹೋಗುವ ಮುನ್ನ ತಡೆಹಿಡಿಯಲು ಬ್ಯಾಂಕುಗಳಿಗೆ ಇಲ್ಲಿಂದ ಸೂಚನೆ ಹೋಗುತ್ತದೆ. ಬೆಳಗಾವಿ ಜಿಲ್ಲೆಯವರಿಗೆ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಸಿಇಎನ್ ಪೊಲೀಸ್ ಠಾಣೆಯೂ ಇದೆ. ದೂರು ಕೊಡುವವರೆಗೆ ಬ್ಯಾಂಕಿನ ಸಂದೇಶಗಳನ್ನೂ ಆ ಫಲಕದ ಚಿತ್ರವಿದ್ದರೆ ಅದನ್ನೂ ಅಳಿಸದೆ ಇಟ್ಟುಕೊಳ್ಳಿ. ಆ್ಯಪ್ ತೆಗೆದುಹಾಕುವುದು, ಮೊಬೈಲನ್ನು ಪೂರ್ತಿ ಅಳಿಸಿ ಹೊಸದರಂತೆ ಮಾಡುವುದು ಆಮೇಲಿನ ಕೆಲಸ. ಗುಪ್ತಪದಗಳನ್ನೂ ಯುಪಿಐ ಪಿನ್ನನ್ನೂ ಅದಾದ ಮೇಲೆಯೇ ಬದಲಿಸಬೇಕು, ಇಲ್ಲದಿದ್ದರೆ ಹೊಸ ಪಿನ್ನೂ ಹಳೆಯ ಕಳ್ಳನಿಗೇ ತಲುಪುವ ಸಂಭವವಿದೆ.