ಕಲ್ಯಾಣದ ಧರ್ಮಶಾಸ್ತ್ರವೂ ಮಗಳ ಪಾಲೂ

ಬಸವಕಲ್ಯಾಣವು ಶರಣರ ನೆನಪಿನಿಂದಲೇ ನಾಡಿಗೆಲ್ಲ ಪರಿಚಿತವಾಗಿರುವುದರಿಂದ, ಅದೇ ಊರಿನಲ್ಲಿ ಅವರಿಗಿಂತ ತುಸು ಮುಂಚೆ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಆಳ್ವಿಕೆಯಲ್ಲಿ ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ಅಷ್ಟಾಗಿ ಸ್ಮರಣೆಗೆ ಬರುವುದಿಲ್ಲ. ಬಂಗಾಳವನ್ನು ಬಿಟ್ಟರೆ ಭರತಖಂಡದ ಬಹುಭಾಗದಲ್ಲಿ ಹಿಂದೂ ಮನೆತನಗಳ ಮನೆ ಹೊಲಗಳು ಯಾರ ಪಾಲಿಗೆ ಎಷ್ಟೆಂಬುದನ್ನು ಶತಮಾನಗಳ ಕಾಲ ನಿರ್ಣಯಿಸಿದುದು ಈ ಕನ್ನಡನೆಲದ ಗ್ರಂಥವೇ.

ಪಿತ್ರಾರ್ಜಿತದಲ್ಲಿ ಪುತ್ರನಿಗೆ ಜನ್ಮದಿಂದಲೇ ಸ್ವತ್ವವುಂಟೆಂಬುದು ಅದರ ಮೂಲಸೂತ್ರ. ತಂದೆಯೂ ಪಾಲುದಾರರಲ್ಲೊಬ್ಬನೇ ಹೊರತು ಏಕಮಾತ್ರ ಒಡೆಯನಲ್ಲ. ವಿಭಾಗವಾಗದೆ ಒಬ್ಬನು ಮೃತನಾದರೆ ಅವನ ಅಂಶವು ಉಳಿದವರಲ್ಲಿ ಲೀನವಾಗುತ್ತಿದ್ದುದರಿಂದ, ತನ್ನ ತರುವಾಯ ಇಂತಹವರಿಗೆ ಸೇರಲಿ ಎಂದು ಅವನು ಉಯಿಲು ಬರೆಯಲು ಅಲ್ಲಿ ಏನೂ ಉಳಿಯುತ್ತಿರಲಿಲ್ಲ. ಹೆಣ್ಣುಮಕ್ಕಳು ಈ ವಲಯದಿಂದ ಹೊರಗಿದ್ದರು. ಆದರೂ ವಿಜ್ಞಾನೇಶ್ವರನನ್ನು ಸ್ತ್ರೀವಿರೋಧಿಯೆಂದು ಜರೆಯುವುದು ಅನ್ಯಾಯವೇ ಸರಿ: ದಾಯದಿಂದಾಗಲಿ ಕ್ರಯದಿಂದಾಗಲಿ ಸ್ತ್ರೀಯ ಕೈಗೆ ಬಂದುದೆಲ್ಲವೂ ಸ್ತ್ರೀಧನವೇ ಎಂದು ಅವನು ಉದಾರವಾಗಿ ಅರ್ಥೈಸಿದ್ದನು. ಕೋಲ್‌ಬ್ರೂಕನು 1810ರಲ್ಲಿ ದಾಯಭಾಗದ ಪ್ರಕರಣವನ್ನು ಇಂಗ್ಲಿಷಿಗೆ ತಂದ ಮೇಲೆ, ಆ ಭಾಷಾಂತರವನ್ನೇ ಆಧಾರವಾಗಿಟ್ಟುಕೊಂಡ ನ್ಯಾಯಾಲಯಗಳೂ ಪ್ರಿವಿ ಕೌನ್ಸಿಲಿನ ನ್ಯಾಯಾಧೀಶರೂ ಆ ಔದಾರ್ಯವನ್ನು ಕುಗ್ಗಿಸಿ, ಹೆಂಗಸಿಗೆ ದಾಯವಾಗಿ ಬಂದ ಆಸ್ತಿ ಆಕೆಯ ಜೀವಿತಕಾಲದ ಅನುಭೋಗಕ್ಕೆ ಮಾತ್ರವೆಂದು ಬಗೆದರು.

ಮೊದಲ ಬಿರುಕು ಮೈಸೂರಿನಲ್ಲಿ ಕಾಣಿಸಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ 1933ರ ಕಾಯಿದೆಯು ವಿಭಾಗದಲ್ಲಿ ಅವಿವಾಹಿತ ಮಗಳಿಗೆ ಸೋದರನ ಪಾಲಿನ ಕಾಲು ಭಾಗವನ್ನು ಕೊಟ್ಟಿತು. ಕಾಲು ಭಾಗವೆಂದರೆ ಕೃಪಣತನವೆಂದು ಇಂದು ತೋರಬಹುದು. ಅಂದು ಅದು ಸಣ್ಣ ಸಾಹಸವಾಗಿರಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ಮಗಳಿಗೆ ತಂದೆಯ ಅಂಶದಲ್ಲಿ ಹಕ್ಕು ಕೊಟ್ಟಿತಾದರೂ ಪಾಲುದಾರಿಕೆಯ ಬಾಗಿಲನ್ನು ತೆರೆಯಲಿಲ್ಲ. ಮತ್ತೊಂದು ಕಡೆ, ಅವಿಭಕ್ತ ಆಸ್ತಿಯಲ್ಲಿನ ತನ್ನ ಅಂಶವನ್ನು ಉಯಿಲಿನಿಂದ ವಿನಿಯೋಗಿಸಬಹುದೆಂದು ಅದರ 30ನೆಯ ಪ್ರಕರಣ ಹೇಳಿತು. ಮಗಳಿಗೆ ಕೊಟ್ಟದ್ದನ್ನು ತಂದೆಯ ಲೇಖನಿ ಕಸಿಯಬಹುದಾಯಿತು.

ಬಾಗಿಲು ತೆರೆದುದು 1994ರ ಕರ್ನಾಟಕ ತಿದ್ದುಪಡಿಯಿಂದ. ಆಂಧ್ರ, ತಮಿಳುನಾಡುಗಳು ಆ ಮುನ್ನವೇ ಹೆಜ್ಜೆಯಿಟ್ಟಿದ್ದವು. ಜುಲೈ 30ರಿಂದ ಜಾರಿಗೆ ಬಂದ ಈ ಶಾಸನವು ಮಗಳನ್ನು ಜನ್ಮತಃ ಪಾಲುದಾರಳೆಂದಿತು, ಆದರೆ ಅದಕ್ಕೆ ಮುನ್ನ ಮದುವೆಯಾದವಳನ್ನು ಹೊರಗಿಟ್ಟಿತು. ಒಂದೇ ಮನೆಯಲ್ಲಿ ವೈಶಾಖದಲ್ಲಿ ಧಾರೆಯೆರೆದ ಅಕ್ಕನಿಗೆ ಬರಿಗೈ, ಮಾರ್ಗಶಿರದವರೆಗೆ ಕಾದ ತಂಗಿಗೆ ಸಮಪಾಲು. ಇಂತಹ ವಿಚಿತ್ರವನ್ನು ಯಾವ ಸ್ಮೃತಿಕಾರನೂ ಊಹಿಸಿರಲಾರನು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ಅಳಿಸಿತು. ತಂದೆ ಅಂದು ಬದುಕಿರಬೇಕೇ ಎಂಬ ಪ್ರಶ್ನೆಗೆ ಕರ್ನಾಟಕದಿಂದಲೇ ಹೋದ ಎರಡು ವ್ಯಾಜ್ಯಗಳಲ್ಲಿ ಸುಪ್ರೀಂ ಕೋರ್ಟು 2015ರಲ್ಲೊಂದು, 2018ರಲ್ಲೊಂದು ದಾರಿ ಹಿಡಿಯಿತು. ಕಡೆಗೆ 2020ರ ಆಗಸ್ಟ್ 11ರಂದು ತ್ರಿಸದಸ್ಯ ಪೀಠವು, ಹಕ್ಕು ಜನ್ಮದಿಂದ ಬಂದುದಾದ್ದರಿಂದ ತಂದೆ ಬದುಕಿರಬೇಕಾಗಿಲ್ಲವೆಂದು ತೀರ್ಮಾನಿಸಿತು. ಆದರೂ 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿಯಾದ ಪಾಲುಪಟ್ಟಿಗಳನ್ನು ಕೆದಕುವಂತಿಲ್ಲ.

ಶಾಸನ ಹೀಗಿದ್ದರೂ ಸಬ್ ರಿಜಿಸ್ಟ್ರಾರ್ ಕಚೇರಿಯ ಜಗಲಿಯಲ್ಲಿ ಕಾಣುವುದೇ ಬೇರೆ. ಪೌತಿ ಖಾತೆಗೆ ಸಹಿ ಬೇಕಷ್ಟೇ ಎಂದು ಹೇಳಿ ಕರೆತಂದ ಅಕ್ಕತಂಗಿಯರಿಂದ ಹಕ್ಕುಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು, ಅರಿಶಿನ ಕುಂಕುಮಕ್ಕೆಂದು ಅಲ್ಪ ಮೊತ್ತವನ್ನು ಕೈಗಿತ್ತು, ತವರಿನ ಬಾಗಿಲು ಮುಚ್ಚಬಾರದಲ್ಲವೇ ಎಂಬ ಮಾತನ್ನು ಜೊತೆಗೆ ಹೊರಿಸಿ ಕಳುಹಿಸುವ ಅಣ್ಣಂದಿರು ಇಂದಿಗೂ ಉಂಟು. ಕೇಳಿದವರಿಗೆ ಅನುಭವಸ್ಥ ವಕೀಲರು ಹೇಳುವುದಿಷ್ಟೇ: ಪತ್ರವನ್ನು ಓದಿಸಿಕೊಳ್ಳದೆ ಸಹಿ ಹಾಕಬೇಡಿ, ತಂದೆಯ ಉಯಿಲಿದ್ದರೆ ಅದರಲ್ಲಿ ಇಬ್ಬರು ಸಾಕ್ಷಿಗಳ ಸಹಿಯಿದೆಯೇ ಎಂದು ನೋಡಿ, ನೋಂದಣಿಯಾಗಿಲ್ಲವೆಂಬ ಮಾತ್ರಕ್ಕೆ ಅದು ಅಸಿಂಧುವಲ್ಲ, ಸ್ವಯಾರ್ಜಿತವನ್ನು ಅವನು ಇಷ್ಟಬಂದವರಿಗೆ ಬರೆದಿರಬಹುದು, ಪಿತ್ರಾರ್ಜಿತದಲ್ಲಿ ನಿಮ್ಮ ಪಾಲನ್ನು ಮಾತ್ರ ಬರೆದುಕೊಡಲಾರನು.