ನಿಮಗಿದು ಗೊತ್ತೆ? ಸಂಘದ ಸಾಲಕ್ಕೆ ಜೊತೆಗಾರರೇ ಜಾಮೀನು

ಸ್ವಸಹಾಯ ಸಂಘದ ಸಾಲಕ್ಕೆ ಒಡವೆ, ಜಮೀನು ಅಡವಿಡಬೇಕಿಲ್ಲ. ಸದಸ್ಯರ ಪರಸ್ಪರ ನಂಬಿಕೆಯೇ ಆಧಾರ. ಈ ಪದ್ಧತಿ ದೇಶದಲ್ಲಿ ಬೇರೂರಿದ್ದರಲ್ಲಿ ಕರ್ನಾಟಕದ ಪಾಲು ದೊಡ್ಡದು.

* 1980ರ ದಶಕದ ನಡುವಿನಲ್ಲಿ ಕರ್ನಾಟಕದಲ್ಲಿ ಮೈರಾಡ ಸಂಸ್ಥೆ ಬೆಳೆಸಿದ್ದ ದೊಡ್ಡ ಸಹಕಾರ ಸಂಘಗಳು ಒಡೆದಾಗ, ಒಬ್ಬರನ್ನೊಬ್ಬರು ಬಲ್ಲ ಸದಸ್ಯರು ಚಿಕ್ಕ ಗುಂಪುಗಳಾಗಿ ಉಳಿತಾಯ, ಸಾಲ ಮುಂದುವರಿಸಿದರು.

* 1992ರಲ್ಲಿ ನಬಾರ್ಡ್ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಾಯೋಗಿಕ ಯೋಜನೆ ಕೈಗೊಂಡಿತು. 2000ರಲ್ಲಿ ಮಹಿಳೆಯರ ಸಂಘಗಳಿಗಾಗಿ ರಾಜ್ಯ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂತು. ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಹಳ್ಳಿಗಳಲ್ಲೂ ಇಂಥ ಸಂಘಗಳಿವೆ.

* ಒಂದು ಸಂಘದಲ್ಲಿ ಸಾಮಾನ್ಯವಾಗಿ 10ರಿಂದ 20 ಮಂದಿ. ಸಭೆಯಲ್ಲಿ ಎಲ್ಲರೂ ದುಂಡಗೆ ಕೂತು, ಕಂತಿನ ಹಣವನ್ನು ಎಲ್ಲರೆದುರೇ ಎಣಿಸಿ ಪುಸ್ತಕಕ್ಕೆ ಬರೆಯುತ್ತಾರೆ. ಒಬ್ಬರ ಕಂತು ತಪ್ಪಿದರೆ ಇನ್ನೊಬ್ಬರ ಸಾಲ ತಡವಾಗುತ್ತದೆ. ಹಾಗಾಗಿ ಕಾರಣ ಕೇಳಲು, ಕಷ್ಟವಿದ್ದರೆ ಹೆಗಲು ಕೊಡಲು ಗೆಳತಿಯರೇ ಮನೆ ಬಾಗಿಲಿಗೆ ಹೋಗುತ್ತಾರೆ.

* ಈ ಒತ್ತಾಸೆ ಸಾಲಕ್ಕಷ್ಟೇ ನಿಲ್ಲುವುದಿಲ್ಲ. ಮಗಳನ್ನು ಶಾಲೆ ಬಿಡಿಸದಂತೆ, ಎಳೆಯ ವಯಸ್ಸಿಗೇ ಮದುವೆ ಮಾಡದಂತೆ ಸಂಘದವರು ಬುದ್ಧಿ ಹೇಳುತ್ತಾರೆ. ಗ್ರಾಮಸಭೆಯಲ್ಲಿ ಕುಡಿಯುವ ನೀರು, ಬೀದಿದೀಪ ಕೇಳಲು ಒಟ್ಟಾಗಿ ನಿಲ್ಲುತ್ತಾರೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾದುದರ ಹಿಂದೆಯೂ ಹಳ್ಳಿಯ ಹೆಣ್ಣುಮಕ್ಕಳ ಒಗ್ಗಟ್ಟಿನ ಹೋರಾಟವಿತ್ತು.