ತೋಳಿಲ್ಲದ ವಿಗ್ರಹ ಚೆಂದ, ತೋಳಿಲ್ಲದ ಹೆಣ್ಣು? ಅಲಿಸನ್ ಲ್ಯಾಪರ್ ಕೇಳಿದ ಪ್ರಶ್ನೆ

ಇವತ್ತಿನ ಎಪಿಸೋಡ್ ಶುರು ಮಾಡೋಕೆ ಮುಂಚೆ ಒಂದು ಸಣ್ಣ ಕೆಲಸ. ನಿಮ್ಮ ಫೋನ್‌ನಲ್ಲಿ ‘ವೀನಸ್ ಡಿ ಮಿಲೋ’ ಅಂತ ಹುಡುಕಿ. ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನಲ್ಲಿರುವ ಬಿಳಿ ಅಮೃತಶಿಲೆಯ ವಿಗ್ರಹ ಬರುತ್ತೆ. 1820ರಲ್ಲಿ ಗ್ರೀಸ್‌ನ ಮಿಲೋಸ್ ದ್ವೀಪದಲ್ಲಿ ಸಿಕ್ಕಿದ್ದು. ಎರಡೂ ತೋಳು ಇಲ್ಲ. ಆದರೂ ಹೆಣ್ಣಿನ ಸೌಂದರ್ಯ ಅಂದ್ರೆ ಇದು ಅಂತ ಇನ್ನೂರು ವರ್ಷದಿಂದ ಹೊಗಳ್ತಾನೇ ಇದ್ದಾರೆ. ಅದರ ಮುಂದೆ ನಿಂತು ಯಾರೂ ‘ಅಯ್ಯೋ ಪಾಪ’ ಅನ್ನಲ್ಲ.

ಈಗ ‘ಅಲಿಸನ್ ಲ್ಯಾಪರ್ ಪ್ರೆಗ್ನೆಂಟ್’ ಅಂತ ಹುಡುಕಿ. ಅದೂ ಬಿಳಿ ಅಮೃತಶಿಲೆ, ಅದರಲ್ಲೂ ಒಬ್ಬ ಹೆಣ್ಣು, ಅವಳಿಗೂ ತೋಳಿಲ್ಲ. 2005ರಲ್ಲಿ ಲಂಡನ್‌ನ ಟ್ರಫಾಲ್ಗರ್ ಸ್ಕ್ವೇರ್‌ನಲ್ಲಿ ಇದನ್ನು ನಿಲ್ಲಿಸಿದಾಗ ದೊಡ್ಡ ಗಲಾಟೆಯೇ ಆಯ್ತು. ಕೆಲವರಿಗೆ ತುಂಬಾ ಹಿಡಿಸಿತು, ಕೆಲವರಿಗೆ ಅಸಹ್ಯ ಅನ್ನಿಸಿತು. ಯಾಕೆ ಹೀಗೆ?

ಅಲಿಸನ್ ಹುಟ್ಟಿದ್ದು 1965ರಲ್ಲಿ, ಇಂಗ್ಲೆಂಡ್‌ನಲ್ಲಿ. ಫೋಕೊಮೀಲಿಯ ಅನ್ನೋ ಜನ್ಮಜಾತ ಸ್ಥಿತಿ. ತೋಳುಗಳು ಇರಲಿಲ್ಲ, ಕಾಲುಗಳು ಗಿಡ್ಡ. ಬೆಳೆದದ್ದು ಮನೆಯಲ್ಲಲ್ಲ, ವಿಕಲಚೇತನ ಮಕ್ಕಳ ವಸತಿ ಸಂಸ್ಥೆಯಲ್ಲಿ. ಅಲ್ಲಿ ಅವರಿಗೆ ಕೃತಕ ಕೈಕಾಲು ಹಾಕಿಸಿದರು. ಅವು ತನಗೆ ಉಪಯೋಗಕ್ಕೆ ಬಂದದ್ದಕ್ಕಿಂತ ತನ್ನನ್ನು ನೋಡುವವರಿಗೆ ಸಮಾಧಾನ ಕೊಟ್ಟದ್ದೇ ಹೆಚ್ಚು ಅನ್ನೋದು ಅಲಿಸನ್‌ಗೆ ಬೇಗನೇ ಗೊತ್ತಾಯ್ತು. ಅವನ್ನು ಬಿಟ್ಟುಬಿಟ್ಟರು. ಬಾಯಲ್ಲಿ ಕುಂಚ ಹಿಡಿದು ಚಿತ್ರ ಬರೆಯೋದನ್ನು ಮಾತ್ರ ಬಿಡಲಿಲ್ಲ.

ಮುಂದೆ ಬ್ರೈಟನ್ ವಿಶ್ವವಿದ್ಯಾಲಯದಲ್ಲಿ ಫೈನ್ ಆರ್ಟ್ ಓದಿ ಫಸ್ಟ್ ಕ್ಲಾಸ್‌ನಲ್ಲಿ ಪಾಸಾದರು. ಓದುವಾಗ ಅವರು ಬರೀತಿದ್ದದ್ದು ‘ಸುಂದರ’ವಾದ, ಎಲ್ಲ ಅಂಗಗಳೂ ಇರುವ ದೇಹಗಳನ್ನೇ. ಆಗ ಅವರಿಗೆ ಒಂದು ಪ್ರಶ್ನೆ ಎದುರಾಯ್ತು: ನಿನ್ನ ದೇಹವನ್ನು ನೋಡೋಕೆ ಆಗದೆ ಹೀಗೆ ಮಾಡ್ತಿದ್ದೀಯಾ? ಕೇಳಿದವರ ಮೇಲೆ ಸಿಟ್ಟು ಬರುವಂಥ ಪ್ರಶ್ನೆ. ಆದರೆ ಅಲಿಸನ್ ಅದನ್ನು ಹಿಡಿದುಕೊಂಡೇ ಕೆಲಸ ಶುರು ಮಾಡಿದರು. ತಮ್ಮ ದೇಹದ ಅಚ್ಚು ತೆಗೆದರು, ನೆರಳು ಬೆಳಕಿನಲ್ಲಿ ತಮ್ಮದೇ ಫೋಟೊಗಳನ್ನು ಮಾಡಿದರು. ನೋಡಿದರೆ ಹಳೇ ಗ್ರೀಕ್ ಶಿಲ್ಪದ ಹಾಗೆ, ವೀನಸ್ ಹಾಗೆ.

ಇದು ಮುಖ್ಯ, ಸ್ವಲ್ಪ ನೆನಪಿಟ್ಕೊಳ್ಳಿ. ಯಾಕಂದ್ರೆ ಮುಂದಿನ ಕಥೆಯಲ್ಲಿ ಎಲ್ಲರೂ ಮರೆಯೋದು ಇದನ್ನೇ.

1999ರಲ್ಲಿ ಶಿಲ್ಪಿ ಮಾರ್ಕ್ ಕ್ವಿನ್ ಅಲಿಸನ್‌ರನ್ನು ಸಂಪರ್ಕಿಸಿದರು. ಅವರ ತಲೆಯಲ್ಲಿ ಓಡ್ತಿದ್ದದ್ದೂ ಇದೇ ವಿಚಾರ: ಮ್ಯೂಸಿಯಂನಲ್ಲಿ ಕೈಕಾಲು ಮುರಿದ ಶಿಲ್ಪಗಳನ್ನು ಮೆಚ್ಚುವ ಜನ, ಅಂಥದ್ದೇ ದೇಹದ ಜೀವಂತ ಮನುಷ್ಯರನ್ನು ಹೇಗೆ ನೋಡ್ತಾರೆ? ಅಲಿಸನ್‌ಗೆ ಮೊದಲು ಅನುಮಾನ ಇತ್ತು. ಇವನಿಗೆ ಬೇಕಾಗಿರೋದು ನಾನೋ, ನನ್ನ ಅಂಗವೈಕಲ್ಯವೋ? ಮಾತಾಡಿದ ಮೇಲೆ ಒಪ್ಪಿದರು. ಆಗ ಅವರು ಗರ್ಭಿಣಿ. ಎಂಟು ತಿಂಗಳಾದಾಗ ಅಚ್ಚು ತೆಗೆದದ್ದು.

ಶಿಲ್ಪ ನಿಂತ ಜಾಗವನ್ನೂ ನೋಡಿ. ಟ್ರಫಾಲ್ಗರ್ ಸ್ಕ್ವೇರ್‌ನಲ್ಲಿ ನಾಲ್ಕು ಪೀಠಗಳಿವೆ. ಒಂದರ ಮೇಲೆ ರಾಜ ನಾಲ್ಕನೇ ಜಾರ್ಜ್, ಕುದುರೆ ಮೇಲೆ. ಇನ್ನೊಂದರ ಮೇಲೆ ಸಿಂಧ್ ಪ್ರಾಂತ್ಯ ಗೆದ್ದ ನೇಪಿಯರ್. ಮೂರನೆಯದರ ಮೇಲೆ 1857ರ ದಂಗೆಯನ್ನು ಅಡಗಿಸಲು ಹೋರಾಡಿದ ಹ್ಯಾವ್ಲಾಕ್. ಅಂದ್ರೆ ಇಬ್ಬರು ನಮಗೂ ಪರಿಚಯದವರೇ! ನಾಲ್ಕನೇ ಪೀಠವನ್ನು 1841ರಲ್ಲಿ ಕಟ್ಟಿದರೂ ದುಡ್ಡು ಸಾಲದೆ ಪ್ರತಿಮೆ ಬರಲಿಲ್ಲ, ಒಂದೂವರೆ ಶತಮಾನ ಹಾಗೇ ಖಾಲಿ ಇತ್ತು. ಸೇನಾಪತಿಗಳ ಆ ಸಾಲಿನಲ್ಲಿ ಸುಮಾರು 12 ಅಡಿ ಎತ್ತರದ ಬೆತ್ತಲೆ ಗರ್ಭಿಣಿ ಬಂದು ಕೂತಳು, 2005ರಿಂದ 2007ರವರೆಗೆ.

ಒಂದು ತಮಾಷೆ ಹೇಳ್ತೀನಿ. ಅದೇ ಚೌಕದ ನಡುವೆ ಎತ್ತರದ ಕಂಬದ ಮೇಲೆ ನಿಂತಿರೋ ನೆಲ್ಸನ್‌ಗೂ ಬಲಗೈ ಇಲ್ಲ. 1797ರ ಯುದ್ಧದಲ್ಲಿ ಹೋಯ್ತು. ಒಂದು ಕಣ್ಣಿನ ದೃಷ್ಟಿಯೂ ಹೋಗಿತ್ತು. ಅವನನ್ನು ಯಾರೂ ‘ಅಂಗವಿಕಲ ನೆಲ್ಸನ್’ ಅನ್ನಲ್ಲ, ವೀರ ಅಂತಾರೆ. ಯುದ್ಧದಲ್ಲಿ ಕೈ ಕಳ್ಕೊಂಡರೆ ಗೌರವ, ಕೈ ಇಲ್ಲದೇ ಹುಟ್ಟಿದರೆ ಮರುಕ.

ಟೀಕೆ ಮಾಡಿದವರೆಲ್ಲ ಸಂಕುಚಿತ ಮನಸ್ಸಿನವರು ಅಂತ ಹೇಳಿಬಿಡೋದು ಸುಲಭ. ಆದರೆ ಒಂದು ಆಕ್ಷೇಪದಲ್ಲಿ ಹುರುಳಿದೆ ಅಂತ ನನಗನ್ನಿಸುತ್ತೆ. ಶಿಲ್ಪದ ಮೇಲೆ ಸಹಿ ಯಾರದ್ದು? ಕ್ವಿನ್‌ದು. ಪತ್ರಿಕೆಗಳಲ್ಲಿ ಅವರು ‘ಕಲಾವಿದ’, ಅಲಿಸನ್ ‘ಅಂಗವಿಕಲ ತಾಯಿ’. ತನ್ನ ದೇಹದ ಬಗ್ಗೆ ಮೊದಲೇ ಕೆಲಸ ಮಾಡಿದ್ದವಳು ಇನ್ನೊಬ್ಬರ ಕೃತಿಯ ಮಾಡೆಲ್ ಆಗಿ ಪ್ರಸಿದ್ಧಳಾದಳು. ಹಾಗಂತ ಅಲಿಸನ್ ಬರೀ ಮಾಡೆಲ್ ಆಗಿ ಉಳಿಯಲಿಲ್ಲ. ಹೋದಲ್ಲೆಲ್ಲ ಶಿಲ್ಪದ ಪರವಾಗಿ ಮಾತಾಡಿದರು: ಇದು ಹೆಣ್ತನದ, ವೈಕಲ್ಯದ, ತಾಯ್ತನದ ಗೌರವ ಅಂದರು. ಅದೇ 2005ರಲ್ಲಿ ಬಂದ ಆತ್ಮಕಥೆಗೆ ಇಟ್ಟ ಹೆಸರು ‘ಮೈ ಲೈಫ್ ಇನ್ ಮೈ ಹ್ಯಾಂಡ್ಸ್’. ನನ್ನ ಬದುಕು ನನ್ನ ಕೈಯಲ್ಲಿ! ಇಂಥ ಹೆಸರು ಇಡೋಕೆ ಧೈರ್ಯದ ಜೊತೆ ಹಾಸ್ಯಪ್ರಜ್ಞೆಯೂ ಬೇಕು.

2012ರ ಲಂಡನ್ ಪ್ಯಾರಾಲಿಂಪಿಕ್ಸ್ ಉದ್ಘಾಟನೆಯಲ್ಲಿ ಅದೇ ಶಿಲ್ಪದ ಗಾಳಿ ತುಂಬಿದ ದೈತ್ಯ ಪ್ರತಿ ಬಂತು. ಹತ್ತು ವರ್ಷದೊಳಗೆ ಗಲಾಟೆಯ ವಸ್ತು ಹಬ್ಬದ ವಸ್ತುವಾಯ್ತು.

ಹೊಟ್ಟೆಯಲ್ಲಿದ್ದ ಮಗು ಪ್ಯಾರಿಸ್. ಅಲಿಸನ್ ಒಬ್ಬರೇ ಬೆಳೆಸಿದ ಮಗ. 2000ದ ಆಸುಪಾಸು ಹುಟ್ಟಿದ 25 ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಬಿಬಿಸಿಯ ‘ಚೈಲ್ಡ್ ಆಫ್ ಅವರ್ ಟೈಮ್’ನಲ್ಲಿ ಅವನೂ ಇದ್ದ, ಆ ಮನೆಯ ದಿನಗಳನ್ನು ಇಡೀ ದೇಶ ನೋಡಿತ್ತು. ಪ್ಯಾರಿಸ್ 2019ರಲ್ಲಿ, 19ನೇ ವಯಸ್ಸಿಗೆ ತೀರಿಕೊಂಡ. ಶಾಲೆಯಲ್ಲಿ ಅವನಿಗಾದ ಕಿರುಕುಳದ ಬಗ್ಗೆ, ಅವನ ಮಾನಸಿಕ ಆರೋಗ್ಯದ ಬಗ್ಗೆ ಅಲಿಸನ್ ಬಹಿರಂಗವಾಗಿ ಮಾತಾಡಿದರು.

ಆಮೇಲೆ ಮತ್ತೆ ಕುಂಚ ಬಾಯಿಗೆ ಬಂತು. 2022ರಲ್ಲಿ ವರ್ದಿಂಗ್ ಅನ್ನೋ ಸಮುದ್ರತೀರದ ಊರಿನ ಮ್ಯೂಸಿಯಂನಲ್ಲಿ ‘ಲಾಸ್ಟ್ ಇನ್ ಪ್ಯಾರಿಸ್’ ಪ್ರದರ್ಶನ ನಡೀತು. ಈ ಹೆಸರಿನ ಪ್ಯಾರಿಸ್ ಊರಲ್ಲ, ಮಗ. ಅಲ್ಲಿದ್ದ ಚಿತ್ರಗಳಿಗೆ ಸಹಿ ಅಲಿಸನ್ ಲ್ಯಾಪರ್‌ದು.